ರಕ್ತ ಹೇಳುವ ಸಾಕ್ಷಿ

ನಮ್ಮ ದಾದಾ, ಅಂದರೆ ತಂದೆಯ ತಂದೆ, ಒಂದು ಬಯಾಜ್ ಇಟ್ಟುಕೊಂಡಿದ್ದರು. ಹಿಂದಿನ ಕಾಲದ ಉರ್ದು ಮನೆಗಳಲ್ಲಿರುತ್ತಿದ್ದ ಕೈಬರಹದ ಟಿಪ್ಪಣಿ ಪುಸ್ತಕಕ್ಕೆ ಬಯಾಜ್ ಎನ್ನುತ್ತಾರೆ. ಮನಸ್ಸಿಗೆ ಹಿಡಿಸಿದ ಶೇರ್‌ಗಳು, ಹಕೀಮರು ಹೇಳಿದ ಕಷಾಯದ ಅಳತೆ, ಸಾಲ ಪಡೆದವರ ಹೆಸರು, ಮಕ್ಕಳು ಹುಟ್ಟಿದ ದಿನ, ಹಿರಿಯರು ತೀರಿಕೊಂಡ ದಿನ ಎಲ್ಲವೂ ಅದರಲ್ಲಿದ್ದವು. ಸಾವಿನ ಪುಟಗಳಲ್ಲಿ ದಾದಾ ಹೆಸರಿನ ಮುಂದೆ ಕಾರಣವನ್ನೂ ಬರೆಯುತ್ತಿದ್ದರು. ಒಬ್ಬರಿಗೆ ಜ್ವರ, ಒಬ್ಬರಿಗೆ ಕಾಲರಾ, ಒಬ್ಬಾಕೆಗೆ ಹೆರಿಗೆ. ಮೂರು ಹೆಸರುಗಳ ಮುಂದೆ ಮಾತ್ರ ಕಾರಣವಿಲ್ಲ, ಒಂದೇ ಒಂದು ಪದವಿದೆ: ‘ಅಚಾನಕ್’. ಇದ್ದಕ್ಕಿದ್ದಂತೆ. ಆ ಮೂವರಲ್ಲಿ ಯಾರಿಗೂ ಮೂವತ್ತು ತುಂಬಿರಲಿಲ್ಲ.

ಚಿಕ್ಕಂದಿನಲ್ಲಿ ಅದರ ಬಗ್ಗೆ ದಾದಿಯನ್ನು ಕೇಳಿದರೆ, ‘ನಜರ್ ತಗುಲಿತು ಮಗಾ, ಅಷ್ಟು ಚಂದದ ಮಕ್ಕಳು’ ಎಂದು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ಮಾತು ಅಲ್ಲಿಗೇ ನಿಲ್ಲುತ್ತಿತ್ತು.

ಕೆಲವು ವರ್ಷಗಳ ಹಿಂದೆ ನಮ್ಮ ಚಾಚಾನ ಮೊಮ್ಮಗ ಶಾಲೆಯ ಮೈದಾನದಲ್ಲಿ ಓಡುತ್ತಿದ್ದವನು ಎಚ್ಚರ ತಪ್ಪಿ ಬಿದ್ದ. ಸ್ವಲ್ಪ ಹೊತ್ತಿನಲ್ಲಿ ಎದ್ದು ಕುಳಿತ. ಬಿಸಿಲಿನಿಂದಾಗಿ ಹೀಗಾಯಿತೆಂದು ಗ್ಲೂಕೋಸ್ ಕುಡಿಸಿ ಮನೆಗೆ ಕಳಿಸಿದರು. ಎರಡನೆಯ ಸಲ ಬಿದ್ದಾಗ ಹೃದ್ರೋಗ ತಜ್ಞರ ಬಳಿಗೆ ಕರೆದುಕೊಂಡು ಹೋದೆವು. ಅವರು ಎದೆಗೆ ಸ್ಟೆತೋಸ್ಕೋಪ್ ಇಡುವ ಮೊದಲೇ ಕೇಳಿದರು: ‘ನಿಮ್ಮ ಮನೆತನದಲ್ಲಿ ನಲವತ್ತರೊಳಗೆ ಯಾರಾದರೂ ಇದ್ದಕ್ಕಿದ್ದಂತೆ ತೀರಿಕೊಂಡಿದ್ದಾರಾ?’

ನನಗೆ ಬಯಾಜ್ ನೆನಪಾಯಿತು.

ಎಕೋ ತಪಾಸಣೆಯಲ್ಲಿ ಹುಡುಗನ ಹೃದಯದ ನಡುಗೋಡೆ ದಪ್ಪಗಾಗಿರುವುದು ಕಂಡಿತು. ಕಾಯಿಲೆಯ ಹೆಸರು ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ. ರಕ್ತದೊತ್ತಡವಾಗಲೀ ಕವಾಟದ ದೋಷವಾಗಲೀ ಇಲ್ಲದೆಯೇ ಹೃದಯದ ಸ್ನಾಯು ದಪ್ಪಗಾಗುವ, ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಇಳಿದು ಬರುವ ಕಾಯಿಲೆ ಇದು. ವೈದ್ಯರು ಒಂದು ರಕ್ತ ತಪಾಸಣೆಯನ್ನೂ ಬರೆದುಕೊಟ್ಟರು. ವರದಿ ಬಂದಾಗ ಮನೆಯವರೆಲ್ಲ ಆ ಒಂದು ಅಂಕಿಯ ಸುತ್ತ ಕುಳಿತರು. ಎಷ್ಟಿದೆ? ಎಷ್ಟಿರಬೇಕಿತ್ತು? ಹುಡುಗ ಬದುಕುತ್ತಾನೆಯೇ? ರಕ್ತದ ಒಂದು ಅಂಕಿ ಇಷ್ಟೆಲ್ಲ ಹೇಳಬಲ್ಲುದೇ ಎಂಬ ಪ್ರಶ್ನೆ ನನ್ನನ್ನು ಈ ಕಾಯಿಲೆಯ ಚರಿತ್ರೆಯತ್ತ ಎಳೆದೊಯ್ದಿತು.

ಶವಾಗಾರದಲ್ಲಿ ಸಿಕ್ಕ ಕಾಯಿಲೆ

ಈ ಕಾಯಿಲೆಯ ಆಧುನಿಕ ಚರಿತ್ರೆ ಶುರುವಾಗುವುದು ಲಂಡನ್ನಿನ ಶವಪರೀಕ್ಷೆಯ ಮೇಜಿನ ಮೇಲೆ. ಸೇಂಟ್ ಜಾರ್ಜ್ಸ್ ಆಸ್ಪತ್ರೆಯ ಡೊನಾಲ್ಡ್ ಟಿಯರ್ ರೋಗಶಾಸ್ತ್ರಜ್ಞ. ಪೊಲೀಸರು ತರುವ ಶವಗಳನ್ನು ಪರೀಕ್ಷಿಸಿ ನ್ಯಾಯಾಲಯದಲ್ಲಿ ಸಾಕ್ಷಿ ಹೇಳುವುದು ಆತನ ನಿತ್ಯದ ಕೆಲಸ. ಹೀಗೆ ಬರುತ್ತಿದ್ದ ಶವಗಳಲ್ಲಿ ಕೆಲವು ಆತನಿಗೆ ಒಗಟಾದವು. ವಿಷವಿಲ್ಲ, ಗಾಯವಿಲ್ಲ, ರಕ್ತನಾಳ ಕಟ್ಟಿಲ್ಲ, ವಯಸ್ಸೂ ಚಿಕ್ಕದು. ಹೃದಯವನ್ನು ಸೀಳಿ ನೋಡಿದರೆ ಎಡ ಮತ್ತು ಬಲ ಕೋಣೆಗಳ ನಡುವಿನ ಗೋಡೆ ಅಸಹಜವಾಗಿ ಉಬ್ಬಿರುತ್ತಿತ್ತು. ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗ, ಮಗ್ಗದ ಹಾಸಿನಂತೆ ಸಾಲಾಗಿರಬೇಕಾದ ಸ್ನಾಯುವಿನ ಎಳೆಗಳು ಸಿಕ್ಕುಬಿದ್ದ ನೂಲಿನಂತೆ ಅಡ್ಡಾದಿಡ್ಡಿಯಾಗಿದ್ದವು.

1958ರಲ್ಲಿ ಟಿಯರ್ ಬ್ರಿಟಿಷ್ ಹಾರ್ಟ್ ಜರ್ನಲ್‌ನಲ್ಲಿ ಇಂಥ ಎಂಟು ಪ್ರಕರಣಗಳನ್ನು ಪ್ರಕಟಿಸಿದ. ಇದು ಒಂದು ಬಗೆಯ ಗಡ್ಡೆಯಿರಬಹುದೇ ಎಂಬ ಅನುಮಾನ ಆತನಿಗಿತ್ತು. ಆ ಊಹೆ ಮುಂದೆ ತಪ್ಪೆಂದು ಗೊತ್ತಾಯಿತು. ಆದರೆ ಕಂಡದ್ದನ್ನು ಆತ ಕಂಡಂತೆ ಬರೆದಿಟ್ಟಿದ್ದರಿಂದ ಊಹೆ ಬಿದ್ದುಹೋದರೂ ಬರೆಹ ಉಳಿಯಿತು. 1960ರಲ್ಲಿ ಹೋಲ್‌ಮನ್, ಗುಡ್‌ವಿನ್, ರೆನ್ವಿಕ್ ಅವರೊಂದಿಗೆ ಸೇರಿ ಟಿಯರ್ ಒಂದು ಇಡೀ ಕುಟುಂಬದಲ್ಲಿ ಈ ಕಾಯಿಲೆ ಹರಡಿರುವ ವರದಿಯನ್ನು ಪ್ರಕಟಿಸಿದ. ಶವಾಗಾರದ ಒಗಟು ವಂಶವೃಕ್ಷದ ಒಗಟಾಯಿತು.

ಕತೆ ಬರೆಯುವವನಾದ ನನಗೆ ಟಿಯರ್‌ನ ಬದುಕಿನ ಇನ್ನೊಂದು ಪ್ರಸಂಗ ಮರೆಯಲಾಗುವುದಿಲ್ಲ. 1949ರಲ್ಲಿ ಲಂಡನ್ನಿನ ಒಂದು ಮನೆಯಲ್ಲಿ ಕೊಲೆಯಾಗಿ ಸಿಕ್ಕ ತಾಯಿ ಮತ್ತು ಹೆಣ್ಣು ಮಗುವಿನ ಶವಪರೀಕ್ಷೆ ಮಾಡಿದವನು ಆತನೇ. ಮಗುವಿನ ತಂದೆ ಟಿಮೋಥಿ ಇವಾನ್ಸ್‌ಗೆ ಮರಣದಂಡನೆಯಾಯಿತು. 1950ರ ಮಾರ್ಚ್‌ನಲ್ಲಿ ಆತನನ್ನು ಗಲ್ಲಿಗೇರಿಸಿದರು. ಮೂರು ವರ್ಷಗಳ ನಂತರ ಅದೇ ಮನೆಯಲ್ಲಿ ವಾಸವಾಗಿದ್ದ ಜಾನ್ ಕ್ರಿಸ್ಟಿ ಎಂಬವನು ಸರಣಿ ಕೊಲೆಗಾರನೆಂದು ಬಯಲಾಯಿತು. 1966ರಲ್ಲಿ ಇವಾನ್ಸ್‌ಗೆ ಮರಣೋತ್ತರ ಕ್ಷಮೆ ಸಿಕ್ಕಿತು. ಕತ್ತು ಹಿಸುಕಿದ ಗುರುತಿದೆ ಎಂದು ಶವ ಹೇಳಿದ ಮಾತು ಸುಳ್ಳಾಗಿರಲಿಲ್ಲ. ಹಿಸುಕಿದವನು ಯಾರೆಂದು ನಿರ್ಧರಿಸಿದವರು ಎಡವಿದ್ದರು. ಸಾಕ್ಷಿ ಬೇರೆ, ತೀರ್ಪು ಬೇರೆ. ಹೃದಯದ ಈ ಕಾಯಿಲೆಯ ಮುಂದಿನ ಚರಿತ್ರೆಯನ್ನು ಓದುವಾಗ ಈ ಮಾತು ನನಗೆ ಮತ್ತೆ ಮತ್ತೆ ನೆನಪಾಯಿತು.

ಶಾಪದಿಂದ ಅಕ್ಷರದವರೆಗೆ

ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಕೋಟಿಕುಕ್ ಎಂಬ ಸಣ್ಣ ಊರಿದೆ. ಅಲ್ಲಿಯ ಒಂದು ಫ್ರೆಂಚ್ ಮೂಲದ ಕುಟುಂಬದಲ್ಲಿ ತಲೆಮಾರುಗಳಿಂದ ಯುವಕ ಯುವತಿಯರು ಇದ್ದಕ್ಕಿದ್ದಂತೆ ಸಾಯುತ್ತಿದ್ದರು. ಜನ ಅದನ್ನು ಕೋಟಿಕುಕ್‌ನ ಶಾಪ ಎಂದು ಕರೆದರು. ನಮ್ಮ ದಾದಿಗೆ ಆ ಊರಿನ ಹೆಸರೂ ಗೊತ್ತಿರಲಿಲ್ಲ, ಆದರೆ ಅಲ್ಲಿಯ ಅಜ್ಜಿಯರ ಮಾತು ಆಕೆಗೆ ಅರ್ಥವಾಗುತ್ತಿತ್ತು. 1961ರಲ್ಲಿ ಪಾರೆ ಮತ್ತು ಸಂಗಡಿಗರು ಈ ಕುಟುಂಬದ ವಂಶಾವಳಿಯನ್ನು ಬಿಡಿಸಿ ಪ್ರಕಟಿಸಿದರು. ರೋಗವಿದ್ದ ತಂದೆ ಅಥವಾ ತಾಯಿಯ ಪ್ರತಿಯೊಂದು ಮಗುವಿಗೂ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ. ಗಂಡು ಹೆಣ್ಣೆಂಬ ಭೇದವಿಲ್ಲ. ಶಾಪಕ್ಕೂ ಒಂದು ಲೆಕ್ಕಾಚಾರವಿತ್ತು.

ಸುಮಾರು ಮೂವತ್ತು ವರ್ಷಗಳ ನಂತರ ಅಮೆರಿಕದ ಹಾರ್ವರ್ಡ್‌ನಲ್ಲಿ ಕ್ರಿಸ್ಟೀನ್ ಮತ್ತು ಜೊನಾಥನ್ ಸೈಡ್‌ಮನ್ ದಂಪತಿಯ ತಂಡ ಅದೇ ಕುಟುಂಬದವರ ರಕ್ತದಿಂದ ಡಿಎನ್‌ಎ ತೆಗೆದು ಪರಿಶೀಲಿಸಿತು. ರೋಗದ ಮೂಲ 14ನೆಯ ವರ್ಣತಂತುವಿನಲ್ಲಿದೆ ಎಂದು 1989ರಲ್ಲಿ ಗೊತ್ತಾಯಿತು. ಮರುವರ್ಷ ವಂಶವಾಹಿಯೇ ಸಿಕ್ಕಿತು. ಮಯೋಸಿನ್ ಎಂಬುದು ಹೃದಯದ ಸ್ನಾಯುವಿನಲ್ಲಿ ಹುಟ್ಟು ಹಾಕುವ ಅಂಬಿಗನಂಥ ಪ್ರೋಟೀನು. ಅದನ್ನು ತಯಾರಿಸುವ ಬರೆಹದಲ್ಲಿ ಒಂದೇ ಒಂದು ಅಕ್ಷರ ಬದಲಾಗಿ, 403ನೆಯ ಸ್ಥಾನದಲ್ಲಿ ಒಂದು ಅಮೈನೋ ಆಮ್ಲದ ಜಾಗಕ್ಕೆ ಇನ್ನೊಂದು ಬಂದು ಕುಳಿತಿತ್ತು. ತಲೆಮಾರುಗಳ ಶಾಪ ಒಂದಕ್ಷರದ ತಪ್ಪಾಗಿತ್ತು. 1994ರಲ್ಲಿ ಟ್ರೋಪೋನಿನ್ ಟಿ ಪ್ರೋಟೀನಿನ ವಂಶವಾಹಿಯಲ್ಲೂ, 1995ರಲ್ಲಿ ಮಯೋಸಿನ್ ಬೈಂಡಿಂಗ್ ಪ್ರೋಟೀನ್ ಸಿ ವಂಶವಾಹಿಯಲ್ಲೂ ಇದೇ ಕಾಯಿಲೆ ತರುವ ತಪ್ಪುಗಳಿವೆ ಎಂದು ತಿಳಿಯಿತು. ಅದೇ 1995ರಲ್ಲಿ ಅಮೆರಿಕದ ಯುವಜನರಲ್ಲಿ ಎಕೋ ಮೂಲಕ ನಡೆಸಿದ ಸಮೀಕ್ಷೆ, ಸುಮಾರು 500 ಮಂದಿಗೆ ಒಬ್ಬರಲ್ಲಿ ಈ ಕಾಯಿಲೆ ಇದೆಯೆಂದು ಅಂದಾಜಿಸಿತು. ಅಪರೂಪದ್ದು ಎಂದುಕೊಂಡದ್ದು ಅಷ್ಟು ಅಪರೂಪದ್ದಾಗಿರಲಿಲ್ಲ.

ಇದರ ಕ್ರೌರ್ಯವನ್ನು ಜಗತ್ತು ನೇರವಾಗಿ ನೋಡಿದ್ದು 2003ರ ಜೂನ್ 26ರಂದು. ಫ್ರಾನ್ಸಿನ ಲಿಯೋನ್ ನಗರದಲ್ಲಿ ಕೊಲಂಬಿಯಾ ವಿರುದ್ಧ ಆಡುತ್ತಿದ್ದ ಕ್ಯಾಮರೂನ್ ತಂಡದ ಫುಟ್‌ಬಾಲ್ ಆಟಗಾರ ಮಾರ್ಕ್ ವಿವಿಯನ್ ಫೋ, ಹತ್ತಿರದಲ್ಲಿ ಯಾರೂ ಇಲ್ಲದಾಗ ಮೈದಾನದ ನಡುವೆ ಕುಸಿದು ಬಿದ್ದ. ಮತ್ತೆ ಏಳಲಿಲ್ಲ. ವಯಸ್ಸು 28. ಶವಪರೀಕ್ಷೆ ಹೇಳಿದ್ದು ಇದೇ ಕಾಯಿಲೆಯ ಹೆಸರನ್ನು.

ಆದರೆ ಅಕ್ಷರ ಸಿಕ್ಕಿದ ಮೇಲೂ ಒಂದು ದೊಡ್ಡ ಪ್ರಶ್ನೆ ಉಳಿಯಿತು. ಒಂದೇ ಮನೆಯಲ್ಲಿ ಅದೇ ತಪ್ಪಕ್ಷರವನ್ನು ಹೊತ್ತ ಅಜ್ಜಿ ಎಂಬತ್ತರವರೆಗೆ ಬದುಕುತ್ತಾಳೆ, ಮೊಮ್ಮಗ ಇಪ್ಪತ್ತಕ್ಕೆ ಹೋಗುತ್ತಾನೆ. ವಂಶವಾಹಿ ‘ಆಗಬಹುದು’ ಎನ್ನುತ್ತದೆ. ಯಾವಾಗ, ಎಷ್ಟು, ಯಾರಿಗೆ ಎಂಬುದನ್ನು ಹೇಳುವುದಿಲ್ಲ. ಆಗ ವೈದ್ಯವಿಜ್ಞಾನ ಬೇರೊಂದು ಸಾಕ್ಷಿಯ ಕಡೆಗೆ ತಿರುಗಿತು. ಅದು ನರಳುತ್ತಿರುವ ಹೃದಯವೇ ರಕ್ತಕ್ಕೆ ಬಿಡುವ ಪ್ರೋಟೀನುಗಳು.

ಹೃದಯ ಕಳಿಸುವ ಸುದ್ದಿ

ಈ ಪ್ರೋಟೀನುಗಳ ಕತೆ ಎರಡು ದಾರಿಗಳಿಂದ ಬಂದು ಕೂಡುತ್ತದೆ.

ಮೊದಲನೆಯದು ಟ್ರೋಪೋನಿನ್. ಜಪಾನಿನ ಸೆತ್ಸುರೊ ಎಬಾಶಿ 1960ರ ದಶಕದಲ್ಲಿ ಸ್ನಾಯು ಹೇಗೆ ಬಿಗಿಯುತ್ತದೆ, ಹೇಗೆ ಸಡಿಲುತ್ತದೆ ಎಂದು ಹುಡುಕುತ್ತಿದ್ದರು. ಕ್ಯಾಲ್ಸಿಯಂ ಬಂದಾಗ ‘ಬಿಗಿ’ ಎಂದೂ ಹೋದಾಗ ‘ಬಿಡು’ ಎಂದೂ ಹೇಳುವ ಸ್ವಿಚ್ಚಿನಂಥ ಪ್ರೋಟೀನು ಅವರಿಗೆ ಸಿಕ್ಕಿತು. 1965ರಲ್ಲಿ ಅದು ಟ್ರೋಪೋನಿನ್ ಎಂಬ ಹೆಸರು ಪಡೆಯಿತು. ಆ ಹೊತ್ತಿನಲ್ಲಿ ಅದೊಂದು ಶುದ್ಧ ವಿಜ್ಞಾನದ ಕುತೂಹಲ. ಹೃದಯದ ಟ್ರೋಪೋನಿನ್ ಕೈಕಾಲಿನ ಸ್ನಾಯುಗಳದ್ದಕ್ಕಿಂತ ಸ್ವಲ್ಪ ಬೇರೆ ರೂಪದ್ದು ಎಂಬ ಸಂಗತಿ ಮುಂದೆ ಬಹಳ ಉಪಯೋಗಕ್ಕೆ ಬಂತು. ಹೃದಯದ ಜೀವಕೋಶ ಸತ್ತಾಗ ಅಥವಾ ಗಾಯಗೊಂಡಾಗ ಈ ಪ್ರೋಟೀನು ರಕ್ತಕ್ಕೆ ಸೋರುತ್ತದೆ. ಅದನ್ನು ರಕ್ತದಲ್ಲಿ ಅಳೆಯುವ ವಿಧಾನವನ್ನು ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಹ್ಯೂಗೋ ಕಾಟುಸ್ ತಂಡ 1980ರ ದಶಕದ ಕೊನೆಗೆ ರೂಪಿಸಿತು. 2000ದಲ್ಲಿ ಯುರೋಪ್ ಮತ್ತು ಅಮೆರಿಕದ ಹೃದ್ರೋಗ ತಜ್ಞರ ಸಂಘಟನೆಗಳು ಹೃದಯಾಘಾತದ ವ್ಯಾಖ್ಯೆಯನ್ನೇ ಟ್ರೋಪೋನಿನ್ ಸುತ್ತ ಕಟ್ಟಿದವು. ಇಂದು ಎದೆನೋವೆಂದು ಹೋದವರಿಗೆ ಮಾಡಿಸುವ ಮೊದಲ ರಕ್ತ ತಪಾಸಣೆಗಳಲ್ಲಿ ಇದೂ ಒಂದು.

ಎರಡನೆಯದರ ಕತೆ ಇನ್ನೂ ವಿಚಿತ್ರ. ಹೃದಯವೆಂದರೆ ಬರೀ ರಕ್ತ ಎತ್ತುವ ಪಂಪು ಎಂದು ಜಗತ್ತು ನಂಬಿದ್ದ ಕಾಲ. ಕೆನಡಾದ ಕಿಂಗ್‌ಸ್ಟನ್‌ನಲ್ಲಿ ಕೆಲಸ ಮಾಡುತ್ತಿದ್ದ ಅರ್ಜೆಂಟೀನಾ ಮೂಲದ ವಿಜ್ಞಾನಿ ಅಡೋಲ್ಫೊ ಡಿ ಬೋಲ್ಡ್, ಇಲಿಯ ಹೃದಯದ ಮೇಲಿನ ಕೋಣೆಗಳನ್ನು ಅರೆದು ತೆಗೆದ ರಸವನ್ನು ಬೇರೆ ಇಲಿಗಳಿಗೆ ಚುಚ್ಚಿದರು. ಆ ಇಲಿಗಳು ಉಪ್ಪನ್ನೂ ನೀರನ್ನೂ ಧಾರಾಳವಾಗಿ ಮೂತ್ರದಲ್ಲಿ ಹೊರಹಾಕಿದವು. 1981ರಲ್ಲಿ ಇದು ಪ್ರಕಟವಾಯಿತು. ಹೃದಯ ತನ್ನ ಮೇಲೆ ಭಾರ ಹೆಚ್ಚಾದಾಗ ಮೂತ್ರಪಿಂಡಕ್ಕೆ ಸುದ್ದಿ ಕಳಿಸುತ್ತದೆ, ಅದೂ ಒಂದು ಗ್ರಂಥಿಯಂತೆ ಕೆಲಸ ಮಾಡುತ್ತದೆ ಎಂದು ಇದರಿಂದ ತಿಳಿಯಿತು. 1988ರಲ್ಲಿ ಜಪಾನಿನ ಮತ್ಸುವೊ ಮತ್ತು ಕಂಗಾವಾ ಅವರ ತಂಡ ಇದೇ ಮನೆತನದ ಇನ್ನೊಂದು ವಸ್ತುವನ್ನು ಹಂದಿಯ ಮಿದುಳಿನಲ್ಲಿ ಕಂಡಿತು. ಹಾಗಾಗಿ ಅದಕ್ಕೆ ಮಿದುಳಿನ ಹೆಸರನ್ನೇ ಸೇರಿಸಿ ಬಿಎನ್‌ಪಿ ಎಂದು ಕರೆದರು. ಮನುಷ್ಯರಲ್ಲಿ ಅದನ್ನು ಮುಖ್ಯವಾಗಿ ತಯಾರಿಸುವುದು ಹೃದಯದ ಕೆಳಕೋಣೆಗಳು ಎಂದು ನಂತರ ತಿಳಿಯಿತು. ಹೆಸರು ಮಾತ್ರ ಬದಲಾಗಲಿಲ್ಲ. ಅದು ತಯಾರಾಗುವಾಗ ಒಡೆದು ಬೀಳುವ ತುಂಡೇ ಎನ್‌ಟಿ ಪ್ರೋ ಬಿಎನ್‌ಪಿ. ನಮ್ಮ ಮನೆಯವರು ಸುತ್ತ ಕುಳಿತು ನೋಡಿದ ಅಂಕಿ ಅದರದ್ದೇ.

ಟ್ರೋಪೋನಿನ್ ಗಾಯದ ಸುದ್ದಿ ತರುತ್ತದೆ, ಬಿಎನ್‌ಪಿ ಒತ್ತಡದ ಸುದ್ದಿ ತರುತ್ತದೆ. ದಪ್ಪಗೋಡೆಯ ಹೃದಯದಲ್ಲಿ ಎರಡೂ ಇವೆ. ಬಿರುಸಾದ ಗೋಡೆ ಸಡಿಲಗೊಳ್ಳದೆ ಒಳಗಿನ ಒತ್ತಡ ಏರುತ್ತದೆ, ದಪ್ಪ ಸ್ನಾಯುವಿಗೆ ಸಾಕಷ್ಟು ರಕ್ತ ಸಿಗದೆ ಕೋಶಗಳು ಸಾಯುತ್ತವೆ. ಈ ಎರಡು ಅಂಕಿಗಳು ಹೆಚ್ಚಿರುವ ರೋಗಿಗಳಲ್ಲಿ ಹೃದಯ ವೈಫಲ್ಯವೂ ಸಾವೂ ಹೆಚ್ಚು ಎಂದು 2010ರ ನಂತರದ ಹಲವು ಅಧ್ಯಯನಗಳು ತೋರಿಸಿವೆ.

ಗೋಡೆ ದಪ್ಪಗಾಗುವ ಮೊದಲು

ಈ ಚರಿತ್ರೆಯಲ್ಲಿ ನನ್ನನ್ನು ಅತಿ ಹೆಚ್ಚು ತಡೆದು ನಿಲ್ಲಿಸಿದ್ದು 2010ರ ಒಂದು ಅಧ್ಯಯನ. ಅಮೆರಿಕದ ಬಾಸ್ಟನ್‌ನ ಕ್ಯಾರೊಲಿನ್ ಹೋ ಮತ್ತು ಸಂಗಡಿಗರು ಕೇಳಿದ ಪ್ರಶ್ನೆ ಸರಳವಾದದ್ದು: ವಂಶವಾಹಿಯ ತಪ್ಪು ಇದ್ದೂ ಹೃದಯದ ಗೋಡೆ ಇನ್ನೂ ಸಹಜವಾಗಿರುವವರ ರಕ್ತದಲ್ಲಿ ಏನಾದರೂ ಸುಳಿವಿದೆಯೇ? ಅವರು ಅಳೆದದ್ದು ಕೊಲಾಜೆನ್ ತಯಾರಾಗುವಾಗ ಕಳಚಿ ಬೀಳುವ ಪಿಐಸಿಪಿ ಎಂಬ ಪ್ರೋಟೀನಿನ ತುಣುಕನ್ನು. ಗಾಯ ಮಾಯ್ದ ಜಾಗದಲ್ಲಿ ಕಲೆ ಕಟ್ಟುವ ನಾರಿನ ವಸ್ತುವೇ ಕೊಲಾಜೆನ್. ಕಾಯಿಲೆ ಸ್ಪಷ್ಟವಾಗಿದ್ದವರಲ್ಲಿ ಅದು ಆರೋಗ್ಯವಂತರಿಗಿಂತ 69 ಶೇಕಡಾ ಹೆಚ್ಚಿತ್ತು. ಗೋಡೆ ಇನ್ನೂ ಸಹಜವಾಗಿದ್ದ, ಎಂಆರ್‌ಐ ಚಿತ್ರದಲ್ಲೂ ಕಲೆ ಕಾಣದ ವಾಹಕರಲ್ಲಿಯೂ 31 ಶೇಕಡಾ ಹೆಚ್ಚಿತ್ತು. ಯಂತ್ರದ ಕಣ್ಣಿಗೆ ಬೀಳುವ ಎಷ್ಟೋ ಮೊದಲೇ ಹೃದಯದೊಳಗೆ ನಾರು ಕಟ್ಟುವ ಕೆಲಸ ಶುರುವಾಗಿತ್ತು, ರಕ್ತ ಅದನ್ನು ಮೆಲ್ಲಗೆ ಹೇಳುತ್ತಿತ್ತು.

ರಕ್ತದ ಪ್ರೋಟೀನುಗಳು ಮದ್ದಿನ ಫಲವನ್ನೂ ತೋರಿಸುತ್ತವೆ. ಅತಿಯಾಗಿ ಬಿಗಿಯುವ ಮಯೋಸಿನ್ನನ್ನೇ ಸ್ವಲ್ಪ ತಣ್ಣಗಾಗಿಸುವ ಮಾವಕಾಮ್ಟೆನ್ ಎಂಬ ಗುಳಿಗೆಯನ್ನು, ರಕ್ತ ಹೊರಹೋಗುವ ದಾರಿಗೆ ಅಡ್ಡಿಯಾಗಿದ್ದ 251 ರೋಗಿಗಳ ಮೇಲೆ ಪರೀಕ್ಷಿಸಿದ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. 30 ವಾರಗಳಲ್ಲಿ ಎನ್‌ಟಿ ಪ್ರೋ ಬಿಎನ್‌ಪಿ, ಹುಸಿಗುಳಿಗೆ ಪಡೆದವರಿಗೆ ಹೋಲಿಸಿದರೆ 80 ಶೇಕಡಾ ಹೆಚ್ಚು ಇಳಿದಿತ್ತು. ಟ್ರೋಪೋನಿನ್ ಕೂಡ ತಗ್ಗಿತ್ತು. 2022ರ ಏಪ್ರಿಲ್‌ನಲ್ಲಿ ಅಮೆರಿಕ ಅದಕ್ಕೆ ಅನುಮತಿ ಕೊಟ್ಟಿತು. ಮಯೋಸಿನ್ ಸಿಕ್ಕ ಮೂವತ್ತೆರಡು ವರ್ಷಗಳ ನಂತರ ಅದರ ಮೇಲೆಯೇ ಕೆಲಸ ಮಾಡುವ ಮದ್ದು ಬಂತು. ಆದರೆ ಅದೇ ಗುಳಿಗೆ ಹೃದಯವನ್ನು ಅತಿಯಾಗಿ ದುರ್ಬಲಗೊಳಿಸಲೂಬಹುದು. ಹಾಗಾಗಿ ಪದೇ ಪದೇ ಎಕೋ ಮಾಡಿಸುತ್ತಲೇ ಅದನ್ನು ಕೊಡಬೇಕು.

ಇಷ್ಟೆಲ್ಲ ಕೇಳಿದ ಮೇಲೆ ರಕ್ತದ ಅಂಕಿಯೇ ಎಲ್ಲವನ್ನೂ ಹೇಳುತ್ತದೆ ಎನಿಸಬಹುದು. ಇಲ್ಲ. ಮ್ಯಾರಥಾನ್ ಓಡಿ ಬಂದ ಆರೋಗ್ಯವಂತನ ಟ್ರೋಪೋನಿನ್ ಕೂಡ ಏರಿರುತ್ತದೆ. ಮೂತ್ರಪಿಂಡ ಕೆಟ್ಟವರಲ್ಲಿ, ವಯಸ್ಸಾದವರಲ್ಲಿ ಎನ್‌ಟಿ ಪ್ರೋ ಬಿಎನ್‌ಪಿ ಹೆಚ್ಚು, ದಪ್ಪ ಮೈಯವರಲ್ಲಿ ಕಡಿಮೆ. ಈ ಕಾಯಿಲೆಯಲ್ಲಿ ಹಠಾತ್ ಸಾವಿನ ಅಪಾಯ ಅಳೆಯಲು ಯುರೋಪಿನ ತಜ್ಞರು 2014ರಲ್ಲಿ ಒಂದು ಸೂತ್ರ ಕೊಟ್ಟರು. ಎದೆಯೊಳಗೆ ಡಿಫಿಬ್ರಿಲೇಟರ್ ಯಂತ್ರ ಇಡಬೇಕೇ ಬೇಡವೇ ಎಂದು ನಿರ್ಧರಿಸಲು ಅದು ನೆರವಾಗುತ್ತದೆ. ಅದರಲ್ಲಿ ಏಳು ಅಂಶಗಳಿವೆ: ವಯಸ್ಸು, ಗೋಡೆಯ ದಪ್ಪ, ಎಡ ಮೇಲ್ಕೋಣೆಯ ಅಗಲ, ರಕ್ತದ ದಾರಿಯ ಅಡ್ಡಿ, ಬಡಿತದ ಲಯ ತಪ್ಪುವಿಕೆ, ಕಾರಣವಿಲ್ಲದೆ ಎಚ್ಚರ ತಪ್ಪುವುದು, ಮತ್ತು ಹತ್ತಿರದ ಬಂಧುಗಳಲ್ಲಿ ಹಠಾತ್ ಸಾವು. ರಕ್ತದ ಪ್ರೋಟೀನು ಒಂದೂ ಅದರಲ್ಲಿಲ್ಲ. ನಮ್ಮ ದಾದಾ ಬರೆದಿಟ್ಟ ‘ಅಚಾನಕ್’ ಎಂಬ ಪದದಂಥದ್ದಕ್ಕೆ ಜಾಗವಿದೆ.

ಇದನ್ನು ಓದಿದ ರಾತ್ರಿ ನಾನು ಬಯಾಜನ್ನು ಟ್ರಂಕಿನಿಂದ ಹೊರಗೆ ತೆಗೆದೆ.

25 ಅಕ್ಷರಗಳ ಗೊಂದಲ

ಈ ಚರಿತ್ರೆಯಲ್ಲಿ ನಮ್ಮ ದೇಶಕ್ಕೆ ಒಂದು ದೊಡ್ಡ ಅಧ್ಯಾಯವೇ ಇದೆ. 2003ರಲ್ಲಿ ಭಾರತದ ಕೆಲವು ಕುಟುಂಬಗಳಲ್ಲಿ ಮಯೋಸಿನ್ ಬೈಂಡಿಂಗ್ ಪ್ರೋಟೀನ್ ಸಿ ವಂಶವಾಹಿಯಿಂದ 25 ಅಕ್ಷರಗಳು ಅಳಿಸಿಹೋಗಿರುವುದು ಕಂಡಿತ್ತು. 2009ರಲ್ಲಿ ಪೆರುಂದುರೈ ಧಂಡಪಾಣಿ, ಹೈದರಾಬಾದಿನ ಸಿಸಿಎಂಬಿಯ ಕುಮಾರಸ್ವಾಮಿ ತಂಗರಾಜ್ ಮತ್ತು ಅವರ ಸಂಗಡಿಗರು ನೇಚರ್ ಜೆನೆಟಿಕ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ ಜಗತ್ತನ್ನು ಬೆಚ್ಚಿಬೀಳಿಸಿತು. ದೇಶದ 107 ಸಮುದಾಯಗಳ 6,273 ಜನರನ್ನು ಪರೀಕ್ಷಿಸಿದ್ದರು. ಸುಮಾರು 4 ಶೇಕಡಾ ಜನರಲ್ಲಿ ಆ ಅಳಿಸುವಿಕೆ ಇತ್ತು. ಹೃದಯ ಸ್ನಾಯುವಿನ ಕಾಯಿಲೆಯ ಅಪಾಯ ಅಂಥವರಲ್ಲಿ ಸುಮಾರು ಏಳು ಪಟ್ಟು ಎಂದು ಅವರ ಲೆಕ್ಕ. ಆರು ಕೋಟಿ ಜನ ಅದನ್ನು ಹೊತ್ತಿದ್ದಾರೆ ಎಂದು ಪತ್ರಿಕೆಗಳು ಬರೆದವು. ಧಂಡಪಾಣಿ ಮುಂದೆ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ಈ ಕೆಲಸವನ್ನು ಮುಂದುವರಿಸಿದರು.

ಆ ಲೇಖನದ ಒಂದು ಸಂಗತಿಯನ್ನು ನಾವು ಎದೆಗೆ ಹಚ್ಚಿಕೊಳ್ಳಬೇಕು. ಈ ಅಳಿಸುವಿಕೆ ಸುಮಾರು 33,000 ವರ್ಷ ಹಳೆಯದು ಎಂದು ಅಂದಾಜು. ಅಂದರೆ ನಮ್ಮ ಜಾತಿಗಳು, ಭಾಷೆಗಳು, ಮತಧರ್ಮಗಳು ಯಾವುದೂ ಇಲ್ಲದ ಕಾಲದ್ದು. ದಕ್ಷಿಣದಲ್ಲೂ ಉತ್ತರದಲ್ಲೂ, ಗಡಿಯಾಚೆಯ ಪಾಕಿಸ್ತಾನದಲ್ಲೂ, ಕಡಲಾಚೆಯ ಶ್ರೀಲಂಕೆಯಲ್ಲೂ ಅದು ಇದೆ. ‘ನಮ್ಮ ರಕ್ತ ಬೇರೆ, ಅವರ ರಕ್ತ ಬೇರೆ’ ಎಂದು ಜಗಳವಾಡುವವರ ಒಳಗೆ ಒಂದೇ ಹಳೆಯ ತಪ್ಪು ಕುಳಿತಿದೆ.

ಆದರೆ ಪ್ರಶ್ನೆ ಉಳಿಯಿತು. ನೂರಕ್ಕೆ ನಾಲ್ವರಲ್ಲಿ ಅದು ಇದ್ದರೆ, ಅವರಲ್ಲಿ ಹೆಚ್ಚಿನವರು ಆರಾಮವಾಗಿ ಮುದುಕರಾಗುತ್ತಿರುವುದು ಹೇಗೆ? 2018ರಲ್ಲಿ ಅಮೆರಿಕದ ಶಕ್ತಿವೇಲ್ ಸದಾಯಪ್ಪನ್ ತಂಡ, ಅಳಿಸುವಿಕೆಯ ಜತೆಗೆ ಅದೇ ವಂಶವಾಹಿಯಲ್ಲಿ ಇನ್ನೊಂದು ಬದಲಾವಣೆಯೂ ಇದ್ದವರಲ್ಲಿ ಹೃದಯ ಅತಿಯಾಗಿ ಬಿಗಿಯುತ್ತದೆ ಎಂದು ತೋರಿಸಿತು. 2020ರಲ್ಲಿ ಬ್ರಿಟನ್ನಿನ ಸಂಶೋಧಕರು ಇನ್ನೂ ಮುಂದೆ ಹೋದರು. ದಕ್ಷಿಣ ಏಷ್ಯಾ ಮೂಲದ ರೋಗಿಗಳ ವಂಶವಾಹಿಯನ್ನು ಪೂರ್ತಿ ಓದಿದಾಗ, ಅಳಿಸುವಿಕೆ ಇರುವ ಕೆಲವರಲ್ಲಿ ಅದರ ಜತೆಗೇ ಸಾಗಿ ಬರುವ ಒಂದು ಅಪರೂಪದ ಒಂದಕ್ಷರದ ತಪ್ಪು ಕಂಡಿತು. ಕಾಯಿಲೆ ತರುವುದು ಅದು. ಅದಿಲ್ಲದೆ ಬರೀ 25 ಅಕ್ಷರಗಳ ಅಳಿಸುವಿಕೆ ಇರುವವರಲ್ಲಿ ಅಪಾಯ ಹೆಚ್ಚಿರುವುದು ಕಾಣಲಿಲ್ಲ.

ಹನ್ನೊಂದು ವರ್ಷ ಕೋಟ್ಯಂತರ ಜನರ ಮೇಲಿದ್ದ ಆರೋಪ ಹೀಗೆ ಬಹುಮಟ್ಟಿಗೆ ಸಡಿಲವಾಯಿತು. ಮೊದಲ ವಿಜ್ಞಾನಿಗಳು ಸುಳ್ಳು ಹೇಳಿರಲಿಲ್ಲ. ಕಳ್ಳನ ಪಕ್ಕದಲ್ಲಿ ಸದಾ ನಿಂತಿರುತ್ತಿದ್ದವನನ್ನು ಅವರು ಕಂಡಿದ್ದರು. ನಡುವಿನ ವರ್ಷಗಳಲ್ಲಿ ಯಾರಾದರೂ ಈ ವರದಿ ಹಿಡಿದು ಒಂದು ಹುಡುಗಿಯ ಸಂಬಂಧ ಮುರಿದಿದ್ದರೆ, ಅದಕ್ಕೆ ಮರಣೋತ್ತರ ಕ್ಷಮೆಯಂಥ ಪರಿಹಾರವೂ ಇಲ್ಲ.

ಇದೇ ವಂಶವಾಹಿ ಕೊಡುವ ಒಂದು ನಿಜವಾದ ಎಚ್ಚರಿಕೆಯೂ ಇದೆ. ಅಮೆರಿಕದ ಒಹಾಯೊ ರಾಜ್ಯದ ಅಮಿಶ್ ಸಮುದಾಯದವರು ತಮ್ಮೊಳಗೇ ಮದುವೆಯಾಗುತ್ತಾರೆ. ಅವರಲ್ಲಿ ಈ ವಂಶವಾಹಿಯ ಬೇರೊಂದು ತಪ್ಪನ್ನು ತಂದೆ ತಾಯಿ ಇಬ್ಬರಿಂದಲೂ ಪಡೆದ ಎಳೆಗೂಸುಗಳಿಗೆ ತೀವ್ರವಾದ ಕಾಯಿಲೆ ಬರುತ್ತದೆ ಎಂದು 2008ರಲ್ಲಿ ವರದಿಯಾಯಿತು. ಸೋದರಮಾವನ ಮಗಳು, ಚಾಚಾನ ಮಗ, ಅಕ್ಕನ ಮಗಳು ಎಂದು ಹತ್ತಿರದಲ್ಲೇ ಸಂಬಂಧ ಬೆಳೆಸುವುದು ನಮ್ಮ ನಾಡಿನಲ್ಲಿ ಹಿಂದೂಗಳಲ್ಲೂ ಇದೆ, ಮುಸ್ಲಿಮರಲ್ಲೂ ಇದೆ. ಒಂದು ಪ್ರತಿಯಿಂದ ಬರುವ ಕಾಯಿಲೆಗೆ ಒಳಸಂಬಂಧ ಬೇಕಿಲ್ಲ. ಆದರೆ ಕಾಯಿಲೆ ಇದೆಯೆಂದು ಗೊತ್ತಿರುವ ಮನೆತನದೊಳಗೆ ಮದುವೆಯಾದರೆ ಎರಡು ಪ್ರತಿಗಳು ಒಂದೇ ಮಗುವಿನಲ್ಲಿ ಕೂಡುವ ಸಾಧ್ಯತೆ ಇದೆ. ಹಿರಿಯರು ಸಂಬಂಧ ನೋಡುವಾಗ ಇದನ್ನು ಮುಚ್ಚಿಡದೆ ಮಾತಾಡಬೇಕು.

ಮುಚ್ಚಿಡುವ ಮನೆಗಳು

ನಮ್ಮಲ್ಲಿ ಮುಚ್ಚಿಡುವುದೇ ಹೆಚ್ಚು. ಹುಡುಗನ ಕಾಯಿಲೆ ಗೊತ್ತಾದಾಗ ಅವನ ಅಕ್ಕನ ಮದುವೆಯ ಮಾತುಕತೆ ನಡೆಯುತ್ತಿತ್ತು. ವೈದ್ಯರು ಒಡಹುಟ್ಟಿದವರೆಲ್ಲ, ತಂದೆ ತಾಯಿ ಇಬ್ಬರೂ ಇಸಿಜಿ ಮತ್ತು ಎಕೋ ಮಾಡಿಸಿಕೊಳ್ಳಬೇಕೆಂದಿದ್ದರು. ‘ಹುಡುಗಿಯನ್ನು ಈಗ ಕರೆದುಕೊಂಡು ಹೋಗಬೇಡಿ, ಸುದ್ದಿ ಹೊರಗೆ ಬಿದ್ದರೆ ಸಂಬಂಧ ಹೋಯಿತು’ ಎಂದು ಫುಫ್ಫು ಹೇಳಿದರು. ಅವರದು ಕೆಟ್ಟ ಮನಸ್ಸಲ್ಲ. ಬಯಾಜಿನಲ್ಲಿ ‘ಅಚಾನಕ್’ ಎಂದು ಬರೆಸಿಕೊಂಡವರಲ್ಲಿ ಒಬ್ಬ ಅವರ ಸ್ವಂತ ಅಣ್ಣ.

ಅಂದಿನ ಆ ಮೂವರ ಸಾವಿಗೆ ಇದೇ ಕಾಯಿಲೆ ಕಾರಣವೆಂದು ನಾನು ಆಣೆ ಮಾಡಿ ಹೇಳಲಾರೆ. ಶವಪರೀಕ್ಷೆ ಆಗಿರಲಿಲ್ಲ, ಅದೇ ದಿನ ಮಣ್ಣು ಮಾಡಿದ್ದರು. ಆದರೆ ಹೆಸರು, ವಯಸ್ಸು, ಓಡುತ್ತಿದ್ದಾಗ ಬಿದ್ದನೋ ನಿದ್ದೆಯಲ್ಲಿ ಹೋದನೋ ಎಂಬ ಎರಡು ಸಾಲು ಬರೆದಿಡುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಮುಂದಿನ ತಲೆಮಾರಿನ ವೈದ್ಯನಿಗೆ ಅದು ದುಬಾರಿ ತಪಾಸಣೆಗಿಂತ ಹೆಚ್ಚು ಹೇಳೀತು.

2025ರ ಮಳೆಗಾಲದಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಹಬ್ಬಿದಾಗ ಬೆಂಗಳೂರು ಮೈಸೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನಿಂದಲೇ ಜನ ಸಾಲುಗಟ್ಟಿದರು. ಆ ಸಾವುಗಳ ಹಿಂದೆ ಮುಖ್ಯವಾಗಿ ಕಂಡದ್ದು ಧೂಮಪಾನ, ಸಕ್ಕರೆ ಕಾಯಿಲೆ, ರಕ್ತದೊತ್ತಡದಂಥ ಪರಿಚಿತ ಕಾರಣಗಳು. ಅವನ್ನು ಈ ಕಾಯಿಲೆಯೊಂದಿಗೆ ಬೆರೆಸಬಾರದು. ಆದರೆ ಆ ಸಾಲುಗಳಲ್ಲಿದ್ದ ಭಯ ನನಗೆ ಪರಿಚಿತವಾದದ್ದು. ಭಯ ಬಂದಾಗ ನಾವು ಒಂದು ಅಂಕಿಗಾಗಿ ಓಡುತ್ತೇವೆ. ಭಯವಿಲ್ಲದ ದಿನಗಳಲ್ಲಿ ಮನೆಯ ಹಿರಿಯರನ್ನು ಕೂರಿಸಿ, ಯಾರು ಹೇಗೆ ತೀರಿಕೊಂಡರು ಎಂದು ಕೇಳುವುದಿಲ್ಲ.

ಕೊನೆಗೆ ಅಕ್ಕನೇ ಹಟ ಹಿಡಿದಳು. ‘ನನ್ನ ಎದೆಯಲ್ಲಿ ಏನಿದೆ ಅಂತ ನನಗೆ ಗೊತ್ತಾಗಬೇಕು, ಆಮೇಲೆ ಯಾರಿಗೆ ಹೇಳಬೇಕೋ ನಾನೇ ಹೇಳುತ್ತೇನೆ’ ಎಂದಳು. ಎಕೋದಲ್ಲಿ ಗೋಡೆ ಸಹಜವಾಗಿತ್ತು. ಅದು ಇಂದಿನ ಸಾಕ್ಷಿ ಮಾತ್ರ ಎಂದು ವೈದ್ಯರು ಬಿಡಿಸಿ ಹೇಳಿದರು. ಬೆಳೆಯುವ ಮಕ್ಕಳಿಗೆ ಒಂದೆರಡು ವರ್ಷಕ್ಕೊಮ್ಮೆ, ದೊಡ್ಡವರಿಗೆ ಮೂರರಿಂದ ಐದು ವರ್ಷಕ್ಕೊಮ್ಮೆ ಮತ್ತೆ ನೋಡಬೇಕು. ಹುಡುಗಿ ವರನ ಮನೆಯವರಿಗೆ ತಾನೇ ಎಲ್ಲವನ್ನೂ ಹೇಳಿದಳು. ಅವರು ಒಂದು ವಾರ ಸಮಯ ಕೇಳಿದರು, ಒಬ್ಬ ವೈದ್ಯರನ್ನು ಕಂಡು ವಿಚಾರಿಸಿದರು, ಒಪ್ಪಿದರು. ಫುಫ್ಫು ಮರುದಿನ ತಾವಾಗಿಯೇ ಬಂದು, ತಮ್ಮ ಮಕ್ಕಳನ್ನೂ ತೋರಿಸಬೇಕೆಂದರು.

ಹುಡುಗ ಈಗ ಕಾಲೇಜಿಗೆ ಹೋಗುತ್ತಾನೆ. ಗುಳಿಗೆ ನುಂಗುತ್ತಾನೆ, ಓಟದ ಸ್ಪರ್ಧೆಗೆ ಇಳಿಯುವುದಿಲ್ಲ, ಕೇರಂನಲ್ಲಿ ನನ್ನನ್ನು ಸೋಲಿಸುತ್ತಾನೆ. ಅವನ ಎನ್‌ಟಿ ಪ್ರೋ ಬಿಎನ್‌ಪಿ ಅಂಕಿ ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ವೈದ್ಯರು ಅದನ್ನು ಹಳೆಯ ಅಂಕಿಗಳ ಪಕ್ಕದಲ್ಲಿಟ್ಟು ಓದುತ್ತಾರೆ, ಎಕೋ ನೋಡುತ್ತಾರೆ, ಅವನ ಮುಖ ನೋಡುತ್ತಾರೆ, ಮೆಟ್ಟಿಲು ಹತ್ತುವಾಗ ಹೇಗಾಗುತ್ತದೆ ಎಂದು ಕೇಳುತ್ತಾರೆ.

ದಾದಾನ ಬಯಾಜಿನ ಕೊನೆಯಲ್ಲಿ ಕೆಲವು ಖಾಲಿ ಹಾಳೆಗಳಿದ್ದವು. ಅಲ್ಲಿ ನಾನು ಹೊಸದೊಂದು ಪಟ್ಟಿ ಹಾಕಿದ್ದೇನೆ, ಉರ್ದು ಓದಲು ಬಾರದ ಮಕ್ಕಳಿಗಾಗಿ ಕನ್ನಡದಲ್ಲಿ. ಹೆಸರು, ಹುಟ್ಟಿದ ವರ್ಷ, ಎಕೋ ಮಾಡಿಸಿದ ದಿನ, ಗೋಡೆಯ ದಪ್ಪ ಮಿಲಿಮೀಟರಿನಲ್ಲಿ, ಮುಂದಿನ ತಪಾಸಣೆ ಯಾವಾಗ. ಸದ್ಯಕ್ಕೆ ಹನ್ನೆರಡು ಹೆಸರುಗಳಿವೆ. ಎರಡು ಮನೆಯವರು ಇನ್ನೂ ಬರೆಸಿಲ್ಲ.